ಬೆಟ್ಟದ ಬರಹ ಮತ್ತು ಕನ್ನಡಿ: ಅಧಿಕಾರದ ಕೊನೆಯಲ್ಲಿ ಕೀರ್ತಿಯ ಚಿಂತೆ

ಷಟ್ಖಂಡಗಳನ್ನು ಗೆದ್ದ ಭರತ ಚಕ್ರವರ್ತಿಯು ವೃಷಭಾಚಲದ ಎದುರು ನಿಂತ ಪ್ರಸಂಗವನ್ನು ಆದಿಪುರಾಣವನ್ನು ಓದಿದವರು ಮರೆಯಲಾರರು. ಜಿನಸೇನಾಚಾರ್ಯರ ಸಂಸ್ಕೃತ ಕೃತಿಯಲ್ಲಿಯೂ, ಅದನ್ನು ಅನುಸರಿಸಿ ಹತ್ತನೆಯ ಶತಮಾನದಲ್ಲಿ ಪಂಪನು ರಚಿಸಿದ ಕನ್ನಡ ಕಾವ್ಯದಲ್ಲಿಯೂ ಈ ಪ್ರಸಂಗ ಬರುತ್ತದೆ. ದಿಗ್ವಿಜಯ ಮುಗಿದಿದೆ; ಇನ್ನು ಗೆಲ್ಲಲು ಭೂಮಿಯಿಲ್ಲ. ಉಳಿದಿರುವುದು ಒಂದೇ ಕಾರ್ಯ: ತನ್ನ ಹೆಸರನ್ನು ಆ ಬೆಟ್ಟದ ಮೇಲೆ ಕೆತ್ತಿಸುವುದು. ಆದರೆ ಬೆಟ್ಟದ ಮೈಯೆಲ್ಲ ಹಿಂದಿನ ಚಕ್ರವರ್ತಿಗಳ ಪ್ರಶಸ್ತಿಗಳಿಂದಲೇ ತುಂಬಿಹೋಗಿದೆ. ತನ್ನಂಥವನು ಬೇರೊಬ್ಬನಿಲ್ಲವೆಂದು ಬಗೆದು ಬಂದವನಿಗೆ ತನ್ನಂಥವರು ಅಸಂಖ್ಯರಾಗಿ ಆಗಿಹೋಗಿದ್ದಾರೆಂದು ತಿಳಿಯುತ್ತದೆ. ಗರ್ವ ಇಳಿಯುತ್ತದೆ. ಆದರೂ ಅವನು ಹಿಂದಿರುಗುವುದಿಲ್ಲ. ಹಿಂದಿನವನೊಬ್ಬನ ಹೆಸರನ್ನು ಅಳಿಸಿ ಆ ಜಾಗದಲ್ಲಿ ತನ್ನದನ್ನು ಬರೆಯುತ್ತಾನೆ.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು. ಮೊದಲನೆಯದು, ಗರ್ವ ಇಳಿದ ಮೇಲೆಯೂ ಬರೆಯುವ ಆಸೆ ಇಳಿಯಲಿಲ್ಲವೆಂಬುದು. ಹೆಸರು ನಿಲ್ಲದೆಂಬ ಅರಿವು ಬೇರೆ, ಹೆಸರಿನ ಮೇಲಿನ ಮೋಹ ಬೇರೆ. ಒಂದು ಬಂದರೆ ಇನ್ನೊಂದು ತಾನಾಗಿ ಹೋಗುವುದಿಲ್ಲ. ಎರಡನೆಯದು, ಹೊಸ ಹೆಸರು ಬರೆಯಬೇಕಾದರೆ ಹಳೆಯದೊಂದು ಅಳಿಯಬೇಕಾಯಿತೆಂಬುದು. ಕೀರ್ತಿಯ ಚಿಂತೆಯು ಯಾರಿಗೂ ಕೇಡು ಮಾಡದ ಒಂದು ದೌರ್ಬಲ್ಯವೆಂದು ಹಲವರು ತಿಳಿದಿದ್ದಾರೆ. ಪುರಾಣಕಾರರು ಹಾಗೆ ತಿಳಿದಿರಲಿಲ್ಲ. ಅದಕ್ಕೆ ಯಾರಾದರೊಬ್ಬರು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಅವರು ಆ ಒಂದು ಅಳಿಸುವಿಕೆಯಲ್ಲಿ ತೋರಿಸಿದ್ದಾರೆ.

ಇಂದಿನ ಪ್ರಜಾಪ್ರಭುತ್ವಗಳಲ್ಲಿ ಚಕ್ರವರ್ತಿಗಳಿಲ್ಲ. ಅಧಿಕಾರಕ್ಕೆ ಅವಧಿಯುಂಟು. ಆದುದರಿಂದಲೇ ಈ ಚಿಂತೆ ಕಡಿಮೆಯಾಗುವುದರ ಬದಲು ಹೆಚ್ಚಾಗಿದೆ ಎನ್ನಬೇಕು. ಅವಧಿ ಮುಗಿಯುತ್ತ ಬಂದಂತೆ ಶಂಕುಸ್ಥಾಪನೆಗಳು ಹೆಚ್ಚುತ್ತವೆ, ಅರ್ಧವಾದ ಕಟ್ಟಡಗಳ ಉದ್ಘಾಟನೆಯಾಗುತ್ತದೆ, ಹಿಂದಿನವರು ತಂದ ಯೋಜನೆಗೆ ಹೊಸ ನಾಮಕರಣವಾಗುತ್ತದೆ. ಚುನಾವಣೆ ಘೋಷಣೆಯಾದ ಮೇಲೆ ಮಂತ್ರಿಗಳು ಅಡಿಗಲ್ಲು ಹಾಕಬಾರದೆಂದು ನಮ್ಮ ಚುನಾವಣಾ ಆಯೋಗದ ಮಾದರಿ ನೀತಿ ಸಂಹಿತೆಯಲ್ಲಿಯೇ ಹೇಳಬೇಕಾಗಿ ಬಂದಿದೆ. ಸರ್ಕಾರಿ ಜಾಹೀರಾತುಗಳಲ್ಲಿ ಯಾರ ಯಾರ ಭಾವಚಿತ್ರ ಇರಬಹುದೆಂಬುದನ್ನು 2015ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ನಿರ್ಧರಿಸಬೇಕಾಯಿತು. ಮರುವರ್ಷ ಆ ಪಟ್ಟಿಯನ್ನು ಹಿಗ್ಗಿಸಲೂ ಬೇಕಾಯಿತು. ನಿಯಮ ಹುಟ್ಟುವುದು ಚಾಳಿ ಇದ್ದಾಗ ಮಾತ್ರ.

ಆದರೆ ಕಲ್ಲಿನ ಬರಹಕ್ಕಿಂತ ಪುಸ್ತಕದ ಬರಹವು ಹೆಚ್ಚು ಪರೀಕ್ಷೆಗೆ ಯೋಗ್ಯವಾದುದು. ಕಲ್ಲಿನಲ್ಲಿ ಹೆಸರು, ತಾರೀಖು ಇಷ್ಟಕ್ಕೇ ಸ್ಥಳ. ಪುಸ್ತಕದಲ್ಲಿಯಾದರೆ ಮನುಷ್ಯನು ತನ್ನ ಲೆಕ್ಕವನ್ನು ತಾನೇ ಬರೆಯುತ್ತಾನೆ. ಅಧಿಕಾರದಿಂದ ಇಳಿದವರು ಬರೆದ ಇಂಥ ಲೆಕ್ಕಗಳಲ್ಲಿ ಅಮೆರಿಕದ ಇಬ್ಬರು ಅಧ್ಯಕ್ಷರ ಕೃತಿಗಳನ್ನು ಒಟ್ಟಿಗೆ ಇಟ್ಟು ನೋಡುವುದು ಉಪಯುಕ್ತ. ಒಂದು, ಲಿಂಡನ್ ಜಾನ್ಸನ್ 1971ರಲ್ಲಿ ಪ್ರಕಟಿಸಿದ ‘ದಿ ವಾಂಟೇಜ್ ಪಾಯಿಂಟ್’. ಇನ್ನೊಂದು, ಯುಲಿಸಿಸ್ ಗ್ರಾಂಟ್ 1885ರಲ್ಲಿ ಸಾವಿನ ಮಂಚದ ಮೇಲೆ ಮುಗಿಸಿದ ಆತ್ಮಕಥನ. ಇಬ್ಬರೂ ಯುದ್ಧವನ್ನು ನಡೆಸಿದವರು. ಇಬ್ಬರೂ ಅಧಿಕಾರದ ಕೊನೆಯಲ್ಲಿ ನಿಂದೆಗೆ ಗುರಿಯಾದವರು. ಇಬ್ಬರಿಗೂ ಹೆಸರಿನ ಚಿಂತೆ ಇತ್ತು. ಆದರೂ ಒಂದು ಪುಸ್ತಕವನ್ನು ಜನ ಇಂದಿಗೂ ಓದುತ್ತಾರೆ. ಇನ್ನೊಂದನ್ನು ತಜ್ಞರು ಮಾತ್ರ, ಅದೂ ಬೇರೆ ದಾಖಲೆಗಳೊಡನೆ ತಾಳೆ ನೋಡಲು ಮಾತ್ರ, ತೆರೆಯುತ್ತಾರೆ. ಇದಕ್ಕೆ ಕಾರಣವೇನೆಂದು ವಿಚಾರಿಸಬೇಕು.

ಜಾನ್ಸನ್ ಸಾಮಾನ್ಯ ಆಡಳಿತಗಾರನಲ್ಲ. 1963ರ ನವೆಂಬರ್‌ನಲ್ಲಿ ಕೆನೆಡಿಯವರ ಹತ್ಯೆಯಾದಾಗ ಅಧಿಕಾರಕ್ಕೆ ಬಂದ ಅವರು 1964ರ ನಾಗರಿಕ ಹಕ್ಕುಗಳ ಕಾಯಿದೆ, 1965ರ ಮತದಾನ ಹಕ್ಕು ಕಾಯಿದೆ, ವೃದ್ಧರಿಗೆ ಚಿಕಿತ್ಸೆಯ ನೆರವು ನೀಡುವ ಮೆಡಿಕೇರ್ ಇವುಗಳನ್ನು ಜಾರಿಗೆ ತಂದರು. ಅಬ್ರಹಾಂ ಲಿಂಕನ್‌ರ ನಂತರ ಕರಿಯ ಜನರಿಗೆ ಕಾನೂನಿನ ಮೂಲಕ ಇಷ್ಟನ್ನು ದೊರಕಿಸಿಕೊಟ್ಟ ಅಧ್ಯಕ್ಷ ಇನ್ನೊಬ್ಬರಿಲ್ಲವೆಂದು ಹೇಳಬಹುದು. ಇದು ಅವರ ಖಾತೆಯ ಜಮೆಯ ಕಡೆ. ಖರ್ಚಿನ ಕಡೆ ಇರುವುದು ವಿಯೆಟ್ನಾಂ. 1964ರ ಕೊನೆಗೆ ಅಲ್ಲಿ ಇದ್ದ ಅಮೆರಿಕದ ಸೈನಿಕರು ಸುಮಾರು 23 ಸಾವಿರ. 1968ರ ಕೊನೆಗೆ 5 ಲಕ್ಷಕ್ಕೂ ಹೆಚ್ಚು. ಆ ಯುದ್ಧದಲ್ಲಿ ಒಟ್ಟು 58 ಸಾವಿರಕ್ಕೂ ಹೆಚ್ಚು ಅಮೆರಿಕನರು ಸತ್ತರು. ಸತ್ತ ವಿಯೆಟ್ನಾಂ ಜನರ ಸಂಖ್ಯೆ ಅದರ ಹತ್ತಾರು ಪಟ್ಟು.

ಪುಸ್ತಕದ ಹೆಸರು ಅರ್ಥವತ್ತಾದುದು. ವಾಂಟೇಜ್ ಪಾಯಿಂಟ್ ಎಂದರೆ ಸುತ್ತಲಿನದೆಲ್ಲ ಕಾಣುವ ಎತ್ತರದ ನೆಲೆ. ಒಂದು ಬಗೆಯ ಬೆಟ್ಟವೇ ಸರಿ. ಮುನ್ನುಡಿಯಲ್ಲಿ ಜಾನ್ಸನ್ ವಿನಯದಿಂದಲೇ ಮಾತನಾಡುತ್ತಾರೆ: ನಡೆದುದು ಹೀಗೆಯೇ ಎಂದು ಸಾಧಿಸಲು ತಾವು ಬರೆದಿಲ್ಲ, ತಾವಿದ್ದ ನೆಲೆಯಿಂದ ತಮಗೆ ಕಂಡುದು ಹೀಗೆ ಎಂದು ತಿಳಿಸಲು ಬರೆದಿರುವುದಾಗಿ ಹೇಳುತ್ತಾರೆ. ಇದು ಒಪ್ಪತಕ್ಕ ಮಾತು. ಲೇಖಕನು ತಾನೇ ಹಾಕಿಕೊಂಡ ಅಳತೆಗೋಲಿನಿಂದ ಅವನ ಕೃತಿಯನ್ನು ಅಳೆಯುವುದು ವಿಮರ್ಶೆಯಲ್ಲಿ ಅತ್ಯಂತ ನ್ಯಾಯವಾದ ಕ್ರಮ. ಹಾಗಾದರೆ ಪ್ರಶ್ನೆ ಇಷ್ಟೇ: ಅಂದು ಅವರಿಗೆ ಕಂಡುದನ್ನೇ ಅವರು ಬರೆದರೇ?

ಇದಕ್ಕೆ ಉತ್ತರ ಅವರ ಧ್ವನಿಯಲ್ಲಿಯೇ ದೊರೆಯಿತು. ಅಧಿಕಾರದಲ್ಲಿದ್ದಾಗ ಜಾನ್ಸನ್ ತಮ್ಮ ದೂರವಾಣಿ ಸಂಭಾಷಣೆಗಳನ್ನು ಧ್ವನಿಮುದ್ರಣ ಮಾಡಿಸಿಕೊಳ್ಳುತ್ತಿದ್ದರು. ತಮ್ಮ ಮರಣಾನಂತರ 50 ವರ್ಷಗಳ ಕಾಲ ಅವುಗಳನ್ನು ಮೊಹರು ಮಾಡಿ ಇಡಬೇಕೆಂಬುದು ಅವರ ಇಚ್ಛೆಯಾಗಿತ್ತು. ಆದರೆ 1993ರಿಂದಲೇ ಅವರ ಗ್ರಂಥಾಲಯದ ಅಧಿಕಾರಿಗಳು ಅವುಗಳನ್ನು ಬಿಡುಗಡೆ ಮಾಡತೊಡಗಿದರು. 1964ರ ಮೇ 27ರಂದು ತಮ್ಮ ಸಲಹೆಗಾರ ಮ್ಯಾಕ್‌ಜಾರ್ಜ್ ಬಂಡಿಯವರೊಡನೆ ಆಡಿದ ಮಾತಿನಲ್ಲಿ, ವಿಯೆಟ್ನಾಂ ಹೋರಾಡಿ ಸಾಯುವಷ್ಟು ಬೆಲೆಯುಳ್ಳದ್ದಲ್ಲವೆಂದೂ, ಆದರೆ ಅದರಿಂದ ಹೊರಬರುವ ದಾರಿಯೂ ಕಾಣದೆಂದೂ ಜಾನ್ಸನ್ ಹೇಳುತ್ತಾರೆ. ಅಂದರೆ ದೊಡ್ಡ ಸೈನ್ಯವನ್ನು ಕಳುಹಿಸುವುದಕ್ಕೆ ವರ್ಷದ ಮೊದಲೇ ಅದು ವ್ಯರ್ಥವೆಂದು ಅವರಿಗೆ ಕಂಡಿತ್ತು. ಪುಸ್ತಕದಲ್ಲಿಯಾದರೋ ಆ ಧ್ವನಿ ಕೇಳಿಸುವುದಿಲ್ಲ. ಅಲ್ಲಿ ಇರುವುದು ಸಭೆಗಳು, ವರದಿಗಳು, ಹಿಂದಿನ ಅಧ್ಯಕ್ಷರು ಕೊಟ್ಟ ವಚನಗಳು, ಅವುಗಳನ್ನು ಪಾಲಿಸುವ ಕರ್ತವ್ಯ. ಎಲ್ಲವೂ ಕ್ರಮಬದ್ಧವಾಗಿದೆ, ಸಂದೇಹಪಟ್ಟ ಮನುಷ್ಯ ಮಾತ್ರ ಅಲ್ಲಿಲ್ಲ.

ಈ ಪುಸ್ತಕದ ರಚನೆಯಲ್ಲಿ ನೆರವಾದವರಲ್ಲಿ ಡೋರಿಸ್ ಕಿಯರ್ನ್ಸ್ ಒಬ್ಬರು. 1976ರಲ್ಲಿ ಅವರು ಜಾನ್ಸನ್‌ರ ಬಗ್ಗೆ ಬರೆದ ಗ್ರಂಥದಲ್ಲಿ ಎರಡು ಸಂಗತಿಗಳನ್ನು ದಾಖಲಿಸಿದ್ದಾರೆ. ಜಾನ್ಸನ್ ಮಾತಿನಲ್ಲಿ ತುಂಬ ಜೀವಂತವಾಗಿ, ತಮ್ಮ ಹಳ್ಳಿಯ ನುಡಿಗಟ್ಟಿನಲ್ಲಿ ನಡೆದುದನ್ನು ಹೇಳುತ್ತಿದ್ದರು; ಅದನ್ನೇ ಬರೆದು ತಂದರೆ, ರಾಜನೀತಿಜ್ಞನಿಗೆ ಇದು ತಕ್ಕುದಲ್ಲವೆಂದು ಹೊಡೆದುಹಾಕುತ್ತಿದ್ದರು. ಇದು ಒಂದು. ಎರಡನೆಯದು ಇನ್ನೂ ಗಂಭೀರವಾದುದು. ಯುದ್ಧವನ್ನು ಬಿಟ್ಟುಬಿಟ್ಟಿದ್ದರೆ ಜನ ತಮ್ಮನ್ನು ಹೇಡಿ ಎಂದು ಕಾಣುತ್ತಿದ್ದರೆಂಬ ಭಯ ತಮಗಿತ್ತೆಂದು ನಿವೃತ್ತರಾದ ಮೇಲೆ ಜಾನ್ಸನ್ ಅವರ ಬಳಿ ಹೇಳಿದ್ದರು.

ಈ ಎರಡನೆಯ ಮಾತಿನ ಮುಂದೆ ಓದುಗನು ಸ್ವಲ್ಪ ನಿಲ್ಲಬೇಕು. ಕೀರ್ತಿಯ ಚಿಂತೆ ಅಧಿಕಾರದ ಕೊನೆಯ ತಿಂಗಳುಗಳಲ್ಲಿ ಹುಟ್ಟುವುದೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಕೊನೆಯ ತಿಂಗಳುಗಳಲ್ಲಿ ಅದು ಕಣ್ಣಿಗೆ ಬೀಳುತ್ತದೆ ಅಷ್ಟೇ. ಬೇರು ಹಿಂದೆಯೇ ಬಿಟ್ಟಿರುತ್ತದೆ. ತಮ್ಮ ಹೆಸರಿನ ಗ್ರಂಥಾಲಯಕ್ಕಾಗಿ ಟೆಕ್ಸಾಸ್ ವಿಶ್ವವಿದ್ಯಾಲಯದೊಡನೆ ಜಾನ್ಸನ್ ಒಪ್ಪಂದ ಮಾಡಿಕೊಂಡುದು 1965ರಲ್ಲಿ. ಸೈನ್ಯವು ವಿಯೆಟ್ನಾಂಗೆ ದೊಡ್ಡ ಪ್ರಮಾಣದಲ್ಲಿ ಹೊರಟುದೂ ಅದೇ ವರ್ಷ. ಒಂದೇ ಮನಸ್ಸಿನಲ್ಲಿ ಎರಡೂ ನಡೆದಿದ್ದವು. ಹೇಡಿ ಎಂಬ ಹೆಸರು ಬಾರದಿರಲೆಂದು ಒಬ್ಬನು ನಿರ್ಧಾರ ಮಾಡಿದಾಗ, ಆ ಹೆಸರಿನ ಬೆಲೆಯನ್ನು ತೆತ್ತವರು ಯಾವುದೋ ಊರಿನ ಹತ್ತೊಂಬತ್ತು ಇಪ್ಪತ್ತು ವರ್ಷದ ಹುಡುಗರು. ಗದ್ದೆಯಲ್ಲಿ ನಾಟಿ ಹಾಕುತ್ತಿದ್ದ ರೈತರು. ಭರತನು ಅಳಿಸಿದ್ದು ಒಂದು ಹೆಸರನ್ನು. ಇಲ್ಲಿ ಅಳಿದುದು ಪ್ರಾಣಗಳು. ಹಿಂಸೆಗೆ ಕ್ರೋಧ, ಲೋಭಗಳು ಕಾರಣವೆಂಬುದು ಎಲ್ಲರಿಗೂ ತಿಳಿದುದೇ. ಮಾನವೂ ಒಂದು ಕಷಾಯವೆಂದು ಹಿರಿಯರು ಏಕೆ ಎಣಿಸಿದರೆಂಬುದು ಇಂಥ ಕಡೆ ಸ್ಪಷ್ಟವಾಗುತ್ತದೆ.

ಜಾನ್ಸನ್‌ರಿಗೆ ನ್ಯಾಯ ಮಾಡಬೇಕಾದರೆ ಇನ್ನೊಂದು ಸಂಗತಿಯನ್ನೂ ಹೇಳಬೇಕು. 1968ರ ಮಾರ್ಚ್ 31ರಂದು ಅವರು ಉತ್ತರ ವಿಯೆಟ್ನಾಂನ ಬಹುಭಾಗದ ಮೇಲೆ ಬಾಂಬು ಹಾಕುವುದನ್ನು ನಿಲ್ಲಿಸುವುದಾಗಿಯೂ, ತಾವು ಮತ್ತೆ ಅಧ್ಯಕ್ಷ ಪದವಿಗೆ ಸ್ಪರ್ಧಿಸುವುದಿಲ್ಲವೆಂದೂ ಸಾರಿದರು. ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಸಂಧಾನ ಪ್ರಾರಂಭವಾಯಿತು. ಹೊರಬರುವ ದಾರಿ ಕಾಣದೆಂದು 1964ರಲ್ಲಿ ಹೇಳಿದ್ದವರಿಗೆ, ಪದವಿಯ ಆಸೆಯನ್ನು ಬಿಟ್ಟೊಡನೆ ದಾರಿಯ ಮೊದಲ ಹೆಜ್ಜೆಯಾದರೂ ಕಂಡಿತು. ಆದರೆ ಬಿಟ್ಟ ಆಸೆ ಬೇರೆ ರೂಪದಲ್ಲಿ ಹಿಂದಿರುಗಿತು. ಸೋವಿಯತ್ ನಾಯಕರೊಡನೆ ಶೃಂಗಸಭೆ ನಡೆಸಿ ಅಣ್ವಸ್ತ್ರ ನಿಯಂತ್ರಣದ ಕೀರ್ತಿಯೊಡನೆ ಹೊರಡಬೇಕೆಂದು ಅವರು ಬಯಸಿದರು. ಅದರ ಘೋಷಣೆ ಆಗಸ್ಟ್ 21ರಂದು ಆಗಬೇಕಿತ್ತು. ಹಿಂದಿನ ರಾತ್ರಿಯೇ ಸೋವಿಯತ್ ಸೈನ್ಯವು ಜೆಕೊಸ್ಲೊವಾಕಿಯವನ್ನು ಹೊಕ್ಕಿತು, ಸಭೆ ನಡೆಯಲಿಲ್ಲ.

1971ರ ಮೇ 22ರಂದು ಆಸ್ಟಿನ್ ನಗರದಲ್ಲಿ ಜಾನ್ಸನ್ ಗ್ರಂಥಾಲಯದ ಉದ್ಘಾಟನೆಯಾಯಿತು. ಸುಮಾರು ಮೂರು ವಾರಗಳ ಬಳಿಕ, ಜೂನ್ 13ರಂದು, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಪೆಂಟಗನ್ ದಾಖಲೆಗಳನ್ನು ಪ್ರಕಟಿಸತೊಡಗಿತು. ರಕ್ಷಣಾ ಕಾರ್ಯದರ್ಶಿ ಮ್ಯಾಕ್‌ನಮಾರಾ ಅವರೇ 1967ರಲ್ಲಿ ಗುಟ್ಟಾಗಿ ಸಿದ್ಧಪಡಿಸಲು ಹೇಳಿದ್ದ, ಸುಮಾರು 7 ಸಾವಿರ ಪುಟಗಳ ಯುದ್ಧದ ಇತಿಹಾಸ ಅದು. ಜನರಿಗೆ ಹೇಳಿದುದು ಒಂದು, ಒಳಗೆ ತಿಳಿದಿದ್ದುದು ಇನ್ನೊಂದು ಎಂಬುದು ಅದರಿಂದ ಬಯಲಾಯಿತು. ‘ದಿ ವಾಂಟೇಜ್ ಪಾಯಿಂಟ್’ ಹೊರಬಂದುದು ಇದಾದ ಕೆಲವು ತಿಂಗಳ ಮೇಲೆ. ಮಾಲೀಕನು ಲಾಭದ ಪಟ್ಟಿಯನ್ನು ಓದುವುದಕ್ಕೆ ಮೊದಲೇ ಕಿರ್ದಿ ಪುಸ್ತಕವು ಬೀದಿಗೆ ಬಂದಂತಾಯಿತು.

ವಾಣಿಜ್ಯ ಶಾಸ್ತ್ರದಲ್ಲಿ ಒಂದು ನಿಯಮವಿದೆ. ಅಂಗಡಿಯ ಹೆಸರಿಗೆ ಇರುವ ಬೆಲೆಯನ್ನು ಗುಡ್‌ವಿಲ್ ಎನ್ನುತ್ತಾರೆ. ಅದು ನಿಜವಾದ ಸಂಪತ್ತೇ. ಆದರೆ ವ್ಯಾಪಾರಿಯು ತಾನೇ ಗಳಿಸಿದ ಗುಡ್‌ವಿಲ್‌ಗೆ ತಾನೇ ಬೆಲೆ ಕಟ್ಟಿ ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿಯೆಂದು ತೋರಿಸುವಂತಿಲ್ಲ. ಬೇರೊಬ್ಬನು ಹಣ ಕೊಟ್ಟು ಆ ವ್ಯಾಪಾರವನ್ನು ಕೊಂಡಾಗ ಮಾತ್ರ ಅದು ಕೊಂಡವನ ಪುಸ್ತಕದಲ್ಲಿ ಕಾಣಿಸಿಕೊಳ್ಳುತ್ತದೆ. ಈ ನಿಯಮವನ್ನು ಮಾಡಿದವರಿಗೆ ಮನುಷ್ಯ ಸ್ವಭಾವ ಚೆನ್ನಾಗಿ ತಿಳಿದಿತ್ತು. ತನ್ನ ಹೆಸರಿನ ಬೆಲೆಯನ್ನು ತಾನೇ ಬರೆದುಕೊಳ್ಳಲು ಬಿಟ್ಟರೆ ಯಾವ ಅಂಗಡಿಯೂ ನಷ್ಟ ತೋರಿಸುವುದಿಲ್ಲ. ವ್ಯಾಪಾರಿಯ ಕೆಲಸ ಕೊಟ್ಟುದನ್ನು ಪಡೆದುದನ್ನು ಸರಿಯಾಗಿ ಬರೆದಿಡುವುದು. ಹೆಸರಿಗೆ ಬೆಲೆ ಕಟ್ಟುವುದು ಅವನ ಕೆಲಸವಲ್ಲ. ಆಳುವವರ ಆತ್ಮಕಥನಗಳಲ್ಲಿ ಬಹುಪಾಲು ಈ ನಿಯಮವನ್ನು ಮೀರಿದ ಪುಸ್ತಕಗಳೇ.

ಇನ್ನು ಗ್ರಾಂಟ್‌ರ ಕಡೆಗೆ ನೋಡೋಣ. ಅಮೆರಿಕದ ಅಂತರ್ಯುದ್ಧವನ್ನು ಗೆದ್ದ ಸೇನಾಪತಿ ಅವರು; 1869ರಿಂದ 1877ರವರೆಗೆ ಅಧ್ಯಕ್ಷರು. ಅವರ ಎರಡನೆಯ ಅವಧಿ ಹಗರಣಗಳಿಂದ ತುಂಬಿತ್ತು. ಮದ್ಯದ ತೆರಿಗೆಯನ್ನು ನುಂಗಿದವರ ಕೂಟವೊಂದು 1875ರಲ್ಲಿ ಬಯಲಾದಾಗ, ಅವರ ಆಪ್ತ ಕಾರ್ಯದರ್ಶಿಯ ಮೇಲೆಯೇ ಮೊಕದ್ದಮೆ ನಡೆಯಿತು, ಗ್ರಾಂಟ್ ಅವನ ಪರವಾಗಿ ಸಾಕ್ಷ್ಯ ಹೇಳಿಕೆ ಕೊಟ್ಟರು, ಅವನು ಖುಲಾಸೆಯಾದನು. 1876ರ ಡಿಸೆಂಬರ್ 5ರಂದು ಗ್ರಾಂಟ್ ಕಾಂಗ್ರೆಸ್ಸಿಗೆ ಕೊನೆಯ ವಾರ್ಷಿಕ ಸಂದೇಶ ಕಳುಹಿಸಿದರು. ಅದರಲ್ಲಿ, ತಾವು ರಾಜಕೀಯದ ತರಬೇತಿಯಿಲ್ಲದೆ ಈ ಪದವಿಗೆ ಬಂದವರೆಂದೂ, ತಪ್ಪುಗಳಾಗಿರುವುದು ಎಲ್ಲರಿಗೂ ಕಾಣುವಂತಿದೆ, ತಾವೂ ಒಪ್ಪುವುದಾಗಿಯೂ ಬರೆದರು. ಆದರೆ ಅವು ತಿಳಿವಿನ ತಪ್ಪುಗಳು, ಉದ್ದೇಶದ ತಪ್ಪುಗಳಲ್ಲ; ಹೆಚ್ಚಾಗಿ ಸಹಾಯಕರನ್ನು ಆರಿಸುವುದರಲ್ಲಿ ಆದವು ಎಂದು ಸೇರಿಸಿದರು. ಹೋಲಿಕೆಯನ್ನು ಇತಿಹಾಸಕ್ಕೆ ಬಿಟ್ಟಿರುವುದಾಗಿಯೂ ಹೇಳಿದರು.

ಅಧಿಕಾರದಲ್ಲಿರುವಾಗಲೇ ತಪ್ಪೊಪ್ಪಿಕೊಂಡ ಅಧ್ಯಕ್ಷರು ವಿರಳ. ಆ ಮಟ್ಟಿಗೆ ಈ ಸಂದೇಶ ಗೌರವಕ್ಕೆ ಪಾತ್ರವಾದುದು. ಆದರೆ ಒಪ್ಪಿಗೆಯಲ್ಲಿಯೂ ದೋಷಗಳಿರುತ್ತವೆ. ಭಗವತೀ ಆರಾಧನೆಯಲ್ಲಿ ಆಲೋಚನೆಯ, ಅಂದರೆ ಗುರುವಿನ ಮುಂದೆ ತನ್ನ ತಪ್ಪನ್ನು ನಿವೇದಿಸಿಕೊಳ್ಳುವ ಕ್ರಮದ, ಹತ್ತು ದೋಷಗಳನ್ನು ಎಣಿಸಿದ್ದಾರೆ. ಅದು ಮುನಿಗಳಿಗೆ ಹೇಳಿದುದಾದರೂ, ತನ್ನ ಕಥೆಯನ್ನು ತಾನೇ ಬರೆಯುವ ಯಾರನ್ನು ಪರೀಕ್ಷಿಸುವುದಕ್ಕೂ ಅದಕ್ಕಿಂತ ಉತ್ತಮವಾದ ಪಟ್ಟಿ ಸಿಗಲಾರದು. ಬೇರೆಯವರು ಕಂಡ ತಪ್ಪನ್ನು ಮಾತ್ರ ಹೇಳಿ ಕಾಣದುದನ್ನು ಮುಚ್ಚಿಡುವುದು ‘ದೃಷ್ಟ’ವೆಂಬ ದೋಷ. ಸಣ್ಣ ತಪ್ಪನ್ನು ಹೇಳಿ ದೊಡ್ಡದನ್ನು ಅಡಗಿಸುವುದು ‘ಸೂಕ್ಷ್ಮ’. ಸುತ್ತ ಗದ್ದಲವಿರುವಾಗ, ಗುರುವಿಗೆ ಸರಿಯಾಗಿ ಕೇಳಿಸದಂತೆ ಹೇಳಿಬಿಡುವುದು ‘ಶಬ್ದಾಕುಲಿತ’. ಗ್ರಾಂಟ್‌ರ ಸಂದೇಶದಲ್ಲಿ ಮೊದಲನೆಯ ದೋಷವಿದೆ: ಎಲ್ಲರಿಗೂ ಕಂಡಿದ್ದಷ್ಟನ್ನೇ ಅವರು ಒಪ್ಪಿದರು. ಜಾನ್ಸನ್‌ರ ಪುಸ್ತಕದಲ್ಲಿ ಮೂರನೆಯದಿದೆ: ಆರುನೂರಕ್ಕೂ ಹೆಚ್ಚು ಪುಟಗಳ ದಾಖಲೆ, ಸಭೆ, ಪತ್ರ, ಅಂಕಿಅಂಶಗಳ ಸದ್ದಿನಲ್ಲಿ ಹೇಳಬೇಕಾದ ಮಾತು ಮುಳುಗಿಹೋಗಿದೆ.

ಗ್ರಾಂಟ್‌ರ ನಿಜವಾದ ಲೆಕ್ಕ ಬಂದುದು ಎಂಟೂವರೆ ವರ್ಷಗಳ ಬಳಿಕ. ಅದೂ ಮನೆ ಮುರಿದ ಮೇಲೆ. ಅವರು ಪಾಲುದಾರರಾಗಿದ್ದ ‘ಗ್ರಾಂಟ್ ಅಂಡ್ ವಾರ್ಡ್’ ಎಂಬ ಹಣಕಾಸಿನ ಸಂಸ್ಥೆಯು ಇನ್ನೊಬ್ಬ ಪಾಲುದಾರ ವಾರ್ಡನ ವಂಚನೆಯಿಂದ 1884ರ ಮೇ ತಿಂಗಳಲ್ಲಿ ದಿವಾಳಿಯಾಯಿತು. ಅದು ಬೀಳುವ ಕೆಲವು ದಿನಗಳ ಮೊದಲು, ಪರಿಸ್ಥಿತಿ ತಿಳಿಯದೆ, ಗ್ರಾಂಟ್ ಸಿರಿವಂತ ವಾಂಡರ್‌ಬಿಲ್ಟ್‌ರಿಂದ 1 ಲಕ್ಷ 50 ಸಾವಿರ ಡಾಲರ್ ಸಾಲ ತಂದಿದ್ದರು. ಅದೂ ಹೋಯಿತು. ಸಾಲಗಾರನು ಕೇಳದಿದ್ದರೂ ಗ್ರಾಂಟ್ ತಮ್ಮ ಖಡ್ಗಗಳನ್ನೂ, ಪದಕಗಳನ್ನೂ, ದೇಶ ವಿದೇಶಗಳಲ್ಲಿ ಬಂದ ಉಡುಗೊರೆಗಳನ್ನೂ ಸಾಲಕ್ಕೆ ಪ್ರತಿಯಾಗಿ ಒಪ್ಪಿಸಿದರು. ಕೀರ್ತಿಯ ಗುರುತುಗಳೆಲ್ಲ ಹೀಗೆ ಮನೆಯಿಂದ ಹೊರಗೆ ಹೋದವು. ಅದೇ ವರ್ಷ ಗಂಟಲಿನ ಕ್ಯಾನ್ಸರ್ ತಿಳಿದುಬಂದಿತು. ಹೆಂಡತಿ ಬರಿಗೈಯಲ್ಲಿ ಉಳಿಯಬಾರದೆಂದು ಅವರು ಬರೆಯತೊಡಗಿದರು. ಮಾರ್ಕ್ ಟ್ವೇನ್ ಅದನ್ನು ತಮ್ಮ ಪ್ರಕಾಶನ ಸಂಸ್ಥೆಯಿಂದ ಹೊರತರಲು ಒಪ್ಪಿದರು. ಮಾತು ನಿಂತುಹೋದಾಗಲೂ ಬರಹ ನಿಲ್ಲಲಿಲ್ಲ. ಪುಸ್ತಕ ಮುಗಿದ ಕೆಲವೇ ದಿನಗಳಲ್ಲಿ, 1885ರ ಜುಲೈ 23ರಂದು, ಅವರು ತೀರಿಕೊಂಡರು. ಗೌರವಧನವಾಗಿ ಅವರ ಪತ್ನಿಗೆ ಸುಮಾರು ನಾಲ್ಕೂವರೆ ಲಕ್ಷ ಡಾಲರ್ ದೊರೆಯಿತು.

ಈ ಪುಸ್ತಕದ ಶೈಲಿಯನ್ನು ಎಲ್ಲರೂ ಹೊಗಳಿದ್ದಾರೆ: ಸರಳ, ನೇರ, ಅಲಂಕಾರವಿಲ್ಲದ್ದು. ಆದರೆ ಶೈಲಿಯ ಹಿಂದೆ ಇರುವ ನಿಲುವು ಮುಖ್ಯ. ತರುಣನಾಗಿದ್ದಾಗ ತಾವೇ ಭಾಗವಹಿಸಿದ್ದ 1846–48ರ ಮೆಕ್ಸಿಕೊ ಯುದ್ಧವನ್ನು, ಬಲವಾದ ರಾಷ್ಟ್ರವೊಂದು ದುರ್ಬಲ ರಾಷ್ಟ್ರದ ಮೇಲೆ ಹೂಡಿದ ಅತ್ಯಂತ ಅನ್ಯಾಯದ ಯುದ್ಧಗಳಲ್ಲಿ ಒಂದೆಂದು ಗ್ರಾಂಟ್ ಬರೆಯುತ್ತಾರೆ. 1864ರ ಜೂನ್ 3ರಂದು ಕೋಲ್ಡ್ ಹಾರ್ಬರ್ ಎಂಬಲ್ಲಿ ಅವರ ಆಜ್ಞೆಯಂತೆ ನಡೆದ ಕೊನೆಯ ಆಕ್ರಮಣದಲ್ಲಿ ಸಾವಿರಾರು ಸೈನಿಕರು ಬಿದ್ದರು. ಆ ಆಕ್ರಮಣ ನಡೆಯಿತಲ್ಲ ಎಂದು ತಾವು ಸದಾ ಮರುಗಿರುವುದಾಗಿ, ಆದ ನಷ್ಟಕ್ಕೆ ತಕ್ಕ ಪ್ರಯೋಜನ ಯಾವುದೂ ಆಗಲಿಲ್ಲವೆಂದು ಅವರು ಒಪ್ಪಿಕೊಳ್ಳುತ್ತಾರೆ. ಸಹಾಯಕರ ಹೆಸರಿಲ್ಲ, ಸನ್ನಿವೇಶದ ನೆಪವಿಲ್ಲ. ಹೊಣೆ ಹೊತ್ತವನು ತಾನೇ ನಷ್ಟವನ್ನು ನಷ್ಟವೆಂದು ಬರೆದಿದ್ದಾನೆ. ಇದನ್ನು ಓದಿದವನಿಗೆ ಗೆಲುವುಗಳ ವರ್ಣನೆಯ ಮೇಲೆಯೂ ನಂಬಿಕೆ ಬರುತ್ತದೆ. ನಷ್ಟ ಬರೆದ ಪುಸ್ತಕದ ಲಾಭವನ್ನು ಮಾತ್ರ ಜನ ನಂಬುತ್ತಾರೆ.

ಆದರೆ ಗ್ರಾಂಟ್‌ರ ಪುಸ್ತಕಕ್ಕೂ ಒಂದು ದೊಡ್ಡ ಕೊರತೆಯಿದೆ. ಅದು ಬಹುಮಟ್ಟಿಗೆ ಅಂತರ್ಯುದ್ಧದೊಡನೆ ಮುಗಿಯುತ್ತದೆ. ಎಂಟು ವರ್ಷ ದೇಶವನ್ನಾಳಿದ ಕಥೆ ಅದರಲ್ಲಿಲ್ಲ. ಸೇನಾಪತಿಯ ಖಾತೆ ಪೂರ್ಣವಾಗಿದೆ. ಅಧ್ಯಕ್ಷನ ಖಾತೆಯ ಪುಟಗಳು ಖಾಲಿ. ಮರಣ ಸಮೀಪಿಸಿತ್ತು, ಸಮಯವಿರಲಿಲ್ಲ ಎಂಬುದು ನಿಜ. ಆದರೂ ಆ ಮೌನದಿಂದ ನಷ್ಟದ ಜೊತೆಗೆ ಲಾಭವೂ ಬಿಟ್ಟುಹೋಯಿತು. ಕರಿಯ ಜನರನ್ನು ಹಿಂಸಿಸುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಎಂಬ ಗುಂಪನ್ನು ಅಡಗಿಸಲು 1871ರಲ್ಲಿ ಅವರು ಕಾಯಿದೆ ತಂದುದು ಅವರ ಆಡಳಿತದ ಉತ್ತಮ ಕಾರ್ಯಗಳಲ್ಲೊಂದು. ಅದನ್ನೂ ಅವರು ಬರೆಯಲಿಲ್ಲ. ಬಹುಕಾಲ ಜನರ ನೆನಪಿನಲ್ಲಿ ಅವರ ಆಡಳಿತವೆಂದರೆ ಹಗರಣಗಳಷ್ಟೇ ಆಗಿ ಉಳಿಯಿತು.

ಹಾಗಾದರೆ ತಪ್ಪೊಪ್ಪಿಕೊಂಡರೆ ಸಾಕೇ? ಎಂದಾದರೊಂದು ದಿನ ಒಪ್ಪಿದರೆ ಆಯಿತೇ? ಇಲ್ಲಿ ಮ್ಯಾಕ್‌ನಮಾರಾ ಅವರ ಉದಾಹರಣೆ ಎದುರಿಗೆ ಬರುತ್ತದೆ. ವಿಯೆಟ್ನಾಂ ಯುದ್ಧವನ್ನು ರಕ್ಷಣಾ ಕಾರ್ಯದರ್ಶಿಯಾಗಿ ನಡೆಸಿದ ಅವರು 1968ರ ಫೆಬ್ರವರಿಯಲ್ಲಿ ಪದವಿ ಬಿಟ್ಟರು. 1995ರಲ್ಲಿ, ಅಂದರೆ 27 ವರ್ಷಗಳ ಮೇಲೆ, ಪುಸ್ತಕ ಬರೆದು ತಾವೆಲ್ಲ ಮಾಡಿದುದು ಘೋರವಾದ ತಪ್ಪೆಂದು ಒಪ್ಪಿದರು. ಜಾನ್ಸನ್ ಬರೆಯದಿದ್ದುದನ್ನು ಅವರು ಬರೆದರು. ಆದರೂ ಆ ಪುಸ್ತಕವು ಸತ್ತವರ ಮನೆಗಳಲ್ಲಿ ಸಮಾಧಾನಕ್ಕಿಂತ ಕೋಪವನ್ನೇ ಹೆಚ್ಚಾಗಿ ಎಬ್ಬಿಸಿತು. ತಿಳಿದಿದ್ದರೂ ಆಗ ಏಕೆ ಹೇಳಲಿಲ್ಲವೆಂಬುದು ಅವರ ಪ್ರಶ್ನೆ. ನಮ್ಮ 1963ರ ಕಾಲಮಿತಿ ಕಾಯಿದೆಯಲ್ಲಿ ಇದಕ್ಕೆ ಹೋಲುವ ಒಂದು ವಿಧಿಯಿದೆ. ಸಾಲದ ಅವಧಿ ಮೀರುವುದಕ್ಕೆ ಮೊದಲು ಸಾಲಗಾರನು ಬರಹದಲ್ಲಿ ಸಹಿ ಹಾಕಿ ಒಪ್ಪಿಕೊಂಡರೆ ಆ ಸಾಲಕ್ಕೆ ಹೊಸ ಅವಧಿ ಹುಟ್ಟುತ್ತದೆ; ಮೀರಿದ ಮೇಲೆ ಬರಿದೆ ಒಪ್ಪಿಕೊಂಡರೆ ಆ ವಿಧಿಯ ಬಲ ಅದಕ್ಕಿಲ್ಲ. ಆಳುವವರ ತಪ್ಪೊಪ್ಪಿಗೆಗೂ ಇದೇ ನ್ಯಾಯ. ಕೈಯಲ್ಲಿ ಅಧಿಕಾರವಿರುವಾಗ ಒಪ್ಪಿದರೆ ಆಜ್ಞೆಯನ್ನು ಹಿಂದಕ್ಕೆ ಪಡೆಯಬಹುದು, ಹುಡುಗರನ್ನು ಮನೆಗೆ ಕರೆಸಬಹುದು. ಇಳಿದ ಮೇಲಿನ ಒಪ್ಪಿಗೆ ಮನಸ್ಸಿಗೆ ಹಗುರವಾದೀತು. ತೀರಿಸುವ ಶಕ್ತಿ ಅದಕ್ಕಿಲ್ಲ.

ಆದುದರಿಂದ ಅಧಿಕಾರದ ಕೊನೆಯ ತಿಂಗಳುಗಳು ಅಮೂಲ್ಯವಾದವು. ಅವು ಕೀರ್ತಿಯನ್ನು ಗಳಿಸುವ ಕೊನೆಯ ಅವಕಾಶವೆಂದು ನಾಯಕರು ಭಾವಿಸುತ್ತಾರೆ. ವಾಸ್ತವವಾಗಿ ಅವು ಬಾಕಿಯನ್ನು ತೀರಿಸುವ ಕೊನೆಯ ಅವಕಾಶ. ಅಂಗಡಿಯನ್ನು ಮಗನಿಗೋ ಪಾಲುದಾರನಿಗೋ ವಹಿಸಿಕೊಡುವ ವ್ಯಾಪಾರಿಯು ಕೊನೆಯ ವಾರದಲ್ಲಿ ಬೋರ್ಡಿಗೆ ಹೊಸ ಬಣ್ಣ ಹೊಡೆಸುತ್ತ ಕುಳಿತರೆ ಬುದ್ಧಿವಂತನೆನಿಸುವುದಿಲ್ಲ. ಯಾರಿಗೆ ಕೊಡುವುದು ಉಳಿದಿದೆ, ಯಾವ ಸರಕು ಕೆಟ್ಟಿದೆ, ಯಾವ ಮಾತು ಕೊಟ್ಟು ತಪ್ಪಲಾಗಿದೆ ಎಂಬ ಪಟ್ಟಿಯನ್ನು ಅವನು ಬರೆದು ಕೈಗೆ ಕೊಡಬೇಕು.

ನಮ್ಮ ದೇಶದ ಒಂದು ನಿದರ್ಶನವನ್ನೂ ಇಲ್ಲಿ ನೆನೆಯಬಹುದು. ಹತ್ತು ವರ್ಷ ಪ್ರಧಾನಿಯಾಗಿದ್ದ ಮನಮೋಹನ ಸಿಂಗ್ 2014ರ ಜನವರಿ 3ರಂದು ಪತ್ರಿಕಾಗೋಷ್ಠಿ ಕರೆದು ತಾವು ಮತ್ತೊಂದು ಅವಧಿಗೆ ಅಭ್ಯರ್ಥಿಯಲ್ಲವೆಂದು ತಿಳಿಸಿದರು. ಸಮಕಾಲೀನ ಮಾಧ್ಯಮಗಳಿಗಿಂತಲೂ ವಿರೋಧ ಪಕ್ಷಗಳಿಗಿಂತಲೂ ಇತಿಹಾಸವು ತಮ್ಮ ವಿಷಯದಲ್ಲಿ ಹೆಚ್ಚು ದಯೆ ತೋರೀತೆಂಬ ವಿಶ್ವಾಸವನ್ನು ಆಗ ವ್ಯಕ್ತಪಡಿಸಿದರು. ಮಿತಭಾಷಿಯೊಬ್ಬರ ನೋವಿನ ಮಾತು ಅದು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡಾಗ ಹಲವರು ಅದನ್ನು ನೆನೆದರು. ಆದರೆ ಇತಿಹಾಸದಿಂದ ಕೇಳಬೇಕಾದುದು ದಯೆಯನ್ನಲ್ಲ, ಪರಿಶೋಧನೆಯನ್ನು. ಲೆಕ್ಕ ಪರಿಶೋಧಕನು ದಯಾಳುವಾಗಿರಬೇಕೆಂದು ಯಾರೂ ಬಯಸಬಾರದು. ವಿಶೇಷವೆಂದರೆ, ಆ ಪರಿಶೋಧನೆಗೆ ಬೇಕಾದ ಸಾಧನವನ್ನು ಅವರ ಸರ್ಕಾರವೇ ಜನರ ಕೈಗೆ ಕೊಟ್ಟಿತ್ತು: 2005ರ ಮಾಹಿತಿ ಹಕ್ಕು ಕಾಯಿದೆ. ತನ್ನ ತಪ್ಪುಗಳೂ ಹೊರಬೀಳಬಹುದಾದ ಬಾಗಿಲನ್ನು ಒಂದು ಸರ್ಕಾರ ತಾನೇ ತೆರೆದಿಟ್ಟುದು, ಪತ್ರಿಕಾಗೋಷ್ಠಿಯ ಯಾವ ಮಾತಿಗಿಂತಲೂ ಹೆಚ್ಚು ಬಾಳುವ ಸಾಕ್ಷಿ. ಅಮೆರಿಕದಲ್ಲಿಯೂ 1978ರ ಕಾಯಿದೆಯೊಂದು ಅಧ್ಯಕ್ಷರ ಕಡತಗಳು ಅವರ ಸ್ವಂತ ಆಸ್ತಿಯಲ್ಲ, ರಾಷ್ಟ್ರದ ಆಸ್ತಿ ಎಂದು ವಿಧಿಸಿತು. ಬೆಟ್ಟದ ಮೇಲೆ ಬರೆಯುವ ಉಳಿಯನ್ನು ಆಳುವವರ ಕೈಯಿಂದ ತೆಗೆದುಕೊಂಡ ಕಾನೂನುಗಳಿವು.

ಜಾನ್ಸನ್‌ರ ಕಥೆಗೆ ಇನ್ನೊಂದು ಪುಟವಿದೆ. ಅದು ಅವರ ಪುಸ್ತಕದಲ್ಲಿಲ್ಲ. 1972ರ ಡಿಸೆಂಬರ್‌ನಲ್ಲಿ ಅವರ ಗ್ರಂಥಾಲಯದಲ್ಲಿ ನಾಗರಿಕ ಹಕ್ಕುಗಳನ್ನು ಕುರಿತ ವಿಚಾರ ಸಂಕಿರಣ ನಡೆಯಿತು. ಹೃದ್ರೋಗದಿಂದ ಬಳಲುತ್ತಿದ್ದ ಜಾನ್ಸನ್, ಮಾತಿನ ನಡುವೆ ಮಾತ್ರೆ ನುಂಗಿ ಭಾಷಣ ಮುಂದುವರಿಸಿದರು. ಆ ವಿಷಯದಲ್ಲಿ ಅವರಷ್ಟು ಸಾಧಿಸಿದವರು ಇರಲಿಲ್ಲ. ಹೊಗಳಿಕೊಂಡಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಅವರು ಹೇಳಿದುದು, ತಮಗೆ ಆರು ವರ್ಷಗಳಿದ್ದೂ ಇನ್ನೂ ಹೆಚ್ಚಿನದನ್ನು ಮಾಡಲಾಗಲಿಲ್ಲವಲ್ಲ ಎಂದು ನಾಚಿಕೆಯಾಗುತ್ತದೆ ಎಂದು. ಆರು ವಾರಗಳೊಳಗೆ, 1973ರ ಜನವರಿ 22ರಂದು, ಅವರು ನಿಧನರಾದರು. ಐದು ದಿನಗಳ ಮೇಲೆ ಪ್ಯಾರಿಸ್ಸಿನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿಯಾಯಿತು. ಅವರ ಪುಸ್ತಕದ ನೂರಾರು ಪುಟಗಳಲ್ಲಿ ದೊರೆಯದ ಮನುಷ್ಯನು ಆ ಒಂದು ವಾಕ್ಯದಲ್ಲಿ ದೊರೆಯುತ್ತಾನೆ. ಇದೇ ಧ್ವನಿಯಲ್ಲಿ ವಿಯೆಟ್ನಾಂ ಬಗ್ಗೆಯೂ ಅವರು ಮಾತನಾಡಿದ್ದರೆ, ಅದೂ 1965ರಲ್ಲಿ ಮಾತನಾಡಿದ್ದರೆ, ಎಷ್ಟು ಮನೆಗಳ ದೀಪ ಉಳಿಯುತ್ತಿತ್ತೋ.

ಆ ಯುದ್ಧದಲ್ಲಿ ಮಡಿದ ಅಮೆರಿಕದ ಸೈನಿಕರ ಸ್ಮಾರಕವು 1982ರಲ್ಲಿ ವಾಷಿಂಗ್ಟನ್ ನಗರದಲ್ಲಿ ಸ್ಥಾಪಿತವಾಯಿತು. ಮಾಯಾ ಲಿನ್ ಎಂಬ ತರುಣಿ ಅದನ್ನು ರೂಪಿಸಿದಳು. ಅದು ಗೋಪುರವಲ್ಲ, ವಿಗ್ರಹವಲ್ಲ. ನೆಲದೊಳಕ್ಕೆ ಇಳಿದ ಕಪ್ಪು ಕಲ್ಲಿನ ಗೋಡೆ. ಆ ಕಲ್ಲು ಹೋದುದು ನಮ್ಮ ಬೆಂಗಳೂರಿನ ಕಡೆಯ ಗಣಿಯಿಂದ. ಅದರ ಮೇಲೆ 58 ಸಾವಿರಕ್ಕೂ ಹೆಚ್ಚು ಹೆಸರುಗಳನ್ನು, ಪದವಿಯ ತಾರತಮ್ಯವಿಲ್ಲದೆ, ಮಡಿದ ದಿನಗಳ ಕ್ರಮದಲ್ಲಿ ಕೆತ್ತಲಾಗಿದೆ. ಯುದ್ಧವನ್ನು ನಡೆಸಿದ ಅಧ್ಯಕ್ಷರ ಹೆಸರುಗಳಿಗೆ ಆ ಪಟ್ಟಿಯಲ್ಲಿ ಸ್ಥಳವಿಲ್ಲ. ಸತ್ತ ವಿಯೆಟ್ನಾಂ ಜನರ ಹೆಸರುಗಳೂ ಅಲ್ಲಿಲ್ಲವೆಂಬುದನ್ನು ಮರೆಯಬಾರದು. ಅವುಗಳಿಗೆ ಇನ್ನೂ ಹಲವು ಅಂಥ ಗೋಡೆಗಳು ಬೇಕಾಗುತ್ತವೆ. ಕಲ್ಲನ್ನು ಎಷ್ಟು ನುಣುಪಾಗಿ ಉಜ್ಜಿದ್ದಾರೆಂದರೆ, ಹೆಸರು ಓದಲು ನಿಂತವನಿಗೆ ಅಕ್ಷರಗಳ ಹಿಂದೆ ತನ್ನ ಮುಖವೇ ಕಾಣುತ್ತದೆ.

ಭರತನ ಕಥೆಯೂ ವೃಷಭಾಚಲದಲ್ಲಿ ಮುಗಿಯುವುದಿಲ್ಲ. ಬಹುಕಾಲ ರಾಜ್ಯವಾಳಿದ ಮೇಲೆ ಒಂದು ದಿನ ಅವನು ಕನ್ನಡಿಯಲ್ಲಿ ತನ್ನ ನರೆಗೂದಲನ್ನು ಕಂಡನೆಂದು ಮಹಾಪುರಾಣ ಹೇಳುತ್ತದೆ. ಆಗ ಅವನು ಬರೆಯಿಸಲು ಬೆಟ್ಟವನ್ನು ಹುಡುಕಲಿಲ್ಲ. ರಾಜ್ಯವನ್ನು ಮಗ ಅರ್ಕಕೀರ್ತಿಗೆ ಒಪ್ಪಿಸಿ ಹೊರಟುಹೋದನು. ಬೆಟ್ಟದ ಮೇಲೆ ಬರೆದ ಆ ಹೆಸರನ್ನು ಮುಂದೆ ಬಂದ ಇನ್ನೊಬ್ಬ ಚಕ್ರವರ್ತಿ ಅಳಿಸಿರಬೇಕು. ಕನ್ನಡಿಯ ಮುಂದೆ ನಿಂತ ಭರತನನ್ನು ಮಾತ್ರ ಜನ ಇನ್ನೂ ನೆನೆಯುತ್ತಿದ್ದಾರೆ.